ಗಿಡ ನೆಡುವ ಕೋರ್ಸ್

ನಾನು ಎಂ.ಎಸ್ಸಿ.ಗೆ ಪರಿಸರ ವಿಜ್ಞಾನ ತಗೊಂಡಾಗ ನೆಂಟರೊಬ್ಬರು, "ಎರಡು ವರ್ಷ ಗಿಡ ನೆಡೋದು ಕಲಿಸ್ತಾರಾ?" ಅಂತ ನಕ್ಕಿದ್ದರು. ಅವರ ತಪ್ಪಲ್ಲ ಬಿಡಿ. ವಕೀಲ ಎಂ.ಸಿ. ಮೆಹ್ತಾ ಹಾಕಿದ್ದ ಕೇಸಿನಲ್ಲಿ ಪರಿಸರದ ಪಾಠ ಕಲಿಸಿ ಅಂತ 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಮುಂದೆ ಡಿಗ್ರಿಯ ಎಲ್ಲರಿಗೂ ಪರಿಸರದ ಒಂದು ಪೇಪರ್ ಕಡ್ಡಾಯವಾಯಿತು. ಹಿಂದಿನ ರಾತ್ರಿ ಓದಿ ಪಾಸಾಗುವ ಪೇಪರ್. ಓಝೋನ್ ಬಗ್ಗೆ ಎರಡು ಪುಟ, ಆಮ್ಲ ಮಳೆ ಬಗ್ಗೆ ಎರಡು ಪುಟ. ನಮ್ಮ ಸಬ್ಜೆಕ್ಟಿನ ಮಾನ ಹೋಗಿದ್ದು ಅಲ್ಲೇ ಅನ್ನಿಸುತ್ತೆ ನನಗೆ.

ನಾಲ್ಕು ಸೆಮಿಸ್ಟರ್‌ನಲ್ಲಿ ಪಾಠ ಅಂತ ನಾನು ಒಂದೂ ಗಿಡ ನೆಡಲಿಲ್ಲ. (ಜೂನ್ 5ರ ಪರಿಸರ ದಿನಕ್ಕೆ ನೆಟ್ಟಿದ್ದೆವು. ಹೋದ ವರ್ಷದ ಗುಂಡಿಯಲ್ಲೇ.) ಮಾಡಿದ್ದು ಜಾಸ್ತಿ ಕೆಮಿಸ್ಟ್ರಿ.

ನೀರಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡುವ ಟೆಸ್ಟ್ ಇದೆ, ವಿಂಕ್ಲರ್ ವಿಧಾನ. 300 ಮಿ.ಲೀ. ಬಾಟಲಿಗೆ ಒಂದು ಗುಳ್ಳೆಯೂ ಸೇರದಂತೆ ನೀರು ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಬೆರೆತ ಅಯೋಡೈಡ್ ಹಾಕಿ ಮುಚ್ಚಳ ಬಿಗಿದು ಅಲ್ಲಾಡಿಸಬೇಕು. ಆಮ್ಲಜನಕ ಇದ್ದರೆ ಕಂದು ಗಷ್ಟು ಇಳಿಯುತ್ತೆ, ಇಲ್ಲದಿದ್ದರೆ ಬಿಳಿ. ಒಮ್ಮೆ ಚರಂಡಿ ಸೇರುವ ಕೆರೆಯಿಂದ ನೀರು ತಂದಿದ್ದೆವು. ಬಾಟಲಿಯೊಳಗೆ ಹಾಲು ಒಡೆದ ಹಾಗೆ ಬೆಳ್ಳಗೆ ಇಳಿಯಿತು. ಯಾರೂ ಮಾತಾಡಲಿಲ್ಲ. ಆ ನೀರಲ್ಲಿ ಮೀನು ಉಸಿರಾಡಲು ಏನೂ ಇರಲಿಲ್ಲ ಅಲ್ವಾ.

ಕೋರ್ಸಿನ ಬಗ್ಗೆ ನನ್ನ ತಕರಾರು ಒಂದೇ. ಇಂಥ ದಿನಗಳು ಕಡಿಮೆ, ನೋಟ್ಸ್ ಜಾಸ್ತಿ. ಕೊಳಚೆ ನೀರು ಶುದ್ಧ ಮಾಡುವ ಘಟಕಕ್ಕೆ ನಮ್ಮನ್ನು ಕರೆದುಕೊಂಡು ಹೋಗಿದ್ದು ಒಂದೇ ಸಲ, ಅದೂ ಗ್ರೂಪ್ ಫೋಟೋಗೆ. ಒಂದು ಪೂರ್ತಿ ಸೆಮಿಸ್ಟರ್ ಅಲ್ಲೇ ಕೆಲಸಕ್ಕೆ ಹಾಕಬೇಕಿತ್ತು. ಕೆಲಸಕ್ಕೆ ಸೇರಿದ ಮೇಲೆ ಒಂದು ಅಪಾರ್ಟ್‌ಮೆಂಟ್‌ನಲ್ಲಿ ನೋಡಿದೆ: ಕರೆಂಟ್ ಬಿಲ್ ಉಳಿಸಲು ಅಲ್ಲಿನ ಶುದ್ಧೀಕರಣ ಘಟಕದಲ್ಲಿ ನೀರಿಗೆ ಗಾಳಿ ಊದುವ ಬ್ಲೋವರ್ ರಾತ್ರಿ ಆಫ್ ಮಾಡುತ್ತಿದ್ದರು. ಗಾಳಿ ಇಲ್ಲದಿದ್ದರೆ ಕೊಳಕು ತಿನ್ನುವ ಬ್ಯಾಕ್ಟೀರಿಯಾ ಸಾಯುತ್ತವೆ. ಇದು ಯಾವ ನೋಟ್ಸಲ್ಲೂ ಇರಲಿಲ್ಲ, ಮೂಗಿಗೆ ಗೊತ್ತಾಗಿದ್ದು.

ನಮ್ಮದು ಕೋಲಾರ ಕಡೆ. 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕಡೆ ಕೆರೆಗಳಿಗೆ ಬರುತ್ತಿದೆ. ಬತ್ತಿದ್ದ ಬೋರ್‌ವೆಲ್‌ನಲ್ಲಿ ನೀರು ಬಂತು ಅಂತ ಅಪ್ಪನಿಗೆ ಖುಷಿ. ಎರಡು ಹಂತ ಮಾತ್ರ ಶುದ್ಧ ಮಾಡುತ್ತಾರೆ, ಮೂರನೆಯದೂ ಆಗಬೇಕು ಅನ್ನುವ ಜಗಳ ಪೇಪರಲ್ಲಿ ಓದಿ ಭಯವೂ ಇತ್ತು.

"ಏನಮ್ಮಾ, ಅಷ್ಟು ಓದಿದೀಯ. ಈ ನೀರು ಒಳ್ಳೇದಾ, ಕೆಟ್ಟದ್ದಾ?"

ಹಬ್ಬಕ್ಕೆ ಹೋದಾಗ ಕಿಟ್ ತಗೊಂಡು ಹೋದೆ. ಮಧ್ಯಾಹ್ನ ಮೂರು ಗಂಟೆಗೆ ಕೆರೆ ನೀರನ್ನು ಬಾಟಲಿಗೆ ತುಂಬಿ ಅದೇ ಟೆಸ್ಟ್ ಮಾಡಿದೆ. ಗಾಢ ಕಂದು ಗಷ್ಟು ಇಳಿಯಿತು. ಅಪ್ಪನ ಮುಖ ಅರಳಿತು. ಆದರೆ ಕೆರೆ ಹಸಿರಾಗಿತ್ತು. ಬಿಸಿಲಿರುವಾಗ ಪಾಚಿ ಆಮ್ಲಜನಕ ಬಿಡುತ್ತೆ, ಕೊಳಕು ಕೆರೆಯೂ ಆಗ ಚೆನ್ನಾಗೇ ಕಾಣುತ್ತೆ. ರಾತ್ರಿ ಅದೇ ಪಾಚಿ ಉಸಿರಾಡಿ ಎಲ್ಲ ಖಾಲಿ ಮಾಡುತ್ತೆ. ನಿಜ ಗೊತ್ತಾಗುವುದು ಬೆಳಕು ಹರಿಯುವ ಮುಂಚೆ. ಲೋಹ, ಸೋಪಿನ ಅಂಶ ನೋಡಬೇಕಾದರೆ ಈ ಬಾಟಲಿ ಸಾಲದು, ಲ್ಯಾಬಿಗೇ ಒಯ್ಯಬೇಕು. ಇಷ್ಟೆಲ್ಲ ಹೇಳಿದೆ.

"ಅಂದ್ರೆ ನಿಂಗೂ ಗೊತ್ತಿಲ್ಲ ಅನ್ನು," ಅಂದರು ಅಪ್ಪ.

ಬೆಳಗ್ಗೆ ಐದಕ್ಕೆ ಎಬ್ಬಿಸಿದ್ದು ಅವರೇ. ಕೈಯಲ್ಲಿ ಟಾರ್ಚ್, ಚೀಲದಲ್ಲಿ ನನ್ನ ಬಾಟಲಿಗಳು.