ಅರ್ಧ ದಂಡದ ಊರಿನಿಂದ ಫ್ಲಾರೆನ್ಸಿಗೆ

ಶನಿವಾರ ಸಂಜೆ ಬೆಳಗಾವಿಯ ಖಡೇಬಜಾರಕ್ಕೆ ಕಾರು ನುಗ್ಗಿಸಿ, ಎರಡೂ ಕನ್ನಡಿ ಸಮೇತ ಹೊರಗೆ ಬಂದವನಿಗೆ ಜಗತ್ತಿನ ಯಾವ ರಸ್ತೆಯೂ ದೊಡ್ಡದಲ್ಲ ಎಂಬುದು ನಮ್ಮೂರಿನ ನಂಬಿಕೆ. ಸರಕಾರದ ನಂಬಿಕೆಯೂ ಅದೇ ಇದ್ದೀತು. ಇಲ್ಲದಿದ್ದರೆ ನಮೂನೆ 4ಎ ತುಂಬಿಸಿ, ಸಾವಿರ ರೂಪಾಯಿ ಕಟ್ಟಿಸಿಕೊಂಡು ಆರ್‌ಟಿಒ ಕಚೇರಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಹೇಗೆ ಕೊಟ್ಟೀತು? ಗಾಡಿ ಹೊಡೆದು ತೋರಿಸು ಅನ್ನುವುದಿಲ್ಲ. ಬಲಬದಿಯಲ್ಲಿ ಯಾವಾಗಾದರೂ ಓಡಿಸಿದ್ದೀಯಾ ಎಂದೂ ಕೇಳುವುದಿಲ್ಲ. (ಕೇಳಿದರೆ ಅರ್ಧ ಊರು ಹೌದು ಅಂದೀತು, ಅದು ಬೇರೆ ಮಾತು.) 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಹೆಸರಿನ ಪುಸ್ತಿಕೆ ಕೈಗೆ ಬರುತ್ತದೆ, ಹೆಚ್ಚೆಂದರೆ ಒಂದು ವರ್ಷದ ಆಯುಷ್ಯ. ಅಸಲಿಗೆ ಅದು ನಮ್ಮ ಲೈಸೆನ್ಸಿನ ಅನುವಾದ ಮಾತ್ರ; ಮೂಲ ಲೈಸೆನ್ಸು ಜೋಡಿಗಿಲ್ಲದಿದ್ದರೆ ಅದಕ್ಕೆ ಕಿಮ್ಮತ್ತಿಲ್ಲ. ಆದರೂ ಮೂಲವನ್ನು ಮನೆಯ ತಿಜೋರಿಯಲ್ಲಿ ಭದ್ರವಾಗಿಟ್ಟು, ಪುಸ್ತಿಕೆಯೊಂದನ್ನೇ ಎದೆಗಪ್ಪಿಕೊಂಡು ಸಾಂಬ್ರಾದಲ್ಲಿ ವಿಮಾನ ಹತ್ತುವ ಶೂರರಿಗೆ ಕೊರತೆಯಿಲ್ಲ.

ಮೊದಲ ಪಾಠ ಫ್ರಾಂಕ್‌ಫರ್ಟಿನ ಬಾಡಿಗೆ ಕಾರಿನೊಳಗೇ ಆಗುತ್ತದೆ. ಸ್ಟೀರಿಂಗು ಎಡಕ್ಕೆ. ಇಂಡಿಕೇಟರಿನ ಕಡ್ಡಿಯೂ ಎಡಕ್ಕೆ. ನಮ್ಮ ಮಾರುತಿ, ಹ್ಯುಂಡೈಗಳಲ್ಲಿ ಅದು ಬಲಕ್ಕೆ. ಹೀಗಾಗಿ ನಮ್ಮವ ತಿರುಗುವಾಗಲೆಲ್ಲ ಒಣ ಗಾಜಿನ ಮೇಲೆ ವೈಪರ್ ಕುಣಿಯುತ್ತದೆ. ಈ ತ್ರಾಸು ಇಂಡಿಕೇಟರ್ ಹಾಕುವ ಚಟ ಇದ್ದವರಿಗಷ್ಟೇ. ಬಹುಮತದವರು ಪಾರು.

ಬಲಬದಿಯ ಸಂಚಾರಕ್ಕೆ ಸೂತ್ರ ಒಂದೇ: ರಸ್ತೆಯ ನಡುಗೆರೆ ಸದಾ ಚಾಲಕನ ಮಗ್ಗುಲಿಗಿರಬೇಕು. ಗದ್ದಲದಲ್ಲಿ ಯಾರೂ ತಪ್ಪುವುದಿಲ್ಲ, ಮುಂದಿನವನ ಬೆನ್ನು ಹಿಡಿದರಾಯಿತು. ತಪ್ಪುವುದು ಪೆಟ್ರೋಲ್ ಬಂಕಿನಿಂದ ಹೊರಬೀಳುವಾಗ, ನಸುಕಿನ ಖಾಲಿ ರಸ್ತೆಯಲ್ಲಿ. ಇನ್ನು ಬೋರ್ಡಿಲ್ಲದ ಕೂಡುರಸ್ತೆ ಬಂತೆಂದರೆ ಜರ್ಮನಿಯಲ್ಲಿ ಬಲಗಡೆಯಿಂದ ಬಂದವನಿಗೆ ಮೊದಲ ದಾರಿ, ಅವನು ಸೈಕಲ್ಲಿನವನಾದರೂ ಸರಿ. ಚನ್ನಮ್ಮ ವೃತ್ತದಲ್ಲಿ ಕಲಿತವನಿಗೆ ಇದು ಅರಗುವುದು ಕಷ್ಟ. ಇಲ್ಲಿಯ ಕ್ರಮ ಸ್ಪಷ್ಟ: ಮೊದಲು ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರು, ಆಮೇಲೆ ಬಸ್ಸು, ಆಮೇಲೆ ಯಾರು ಮೊದಲು ಮೂತಿ ತೂರಿಸುತ್ತಾರೋ ಅವರು.

ಜರ್ಮನಿಯ ಹೆದ್ದಾರಿ ಆಟೋಬಾನಿಗೆ ವೇಗದ ಮಿತಿಯಿಲ್ಲ ಎಂಬುದೊಂದು ಎಲ್ಲರಿಗೂ ಗೊತ್ತು. ಅನೇಕ ಕಡೆ ಮಿತಿಯ ಬೋರ್ಡುಗಳಿವೆ, ಉಳಿದ ಕಡೆ 130 ಸಲಹೆಯ ವೇಗ, ಬಲಗಡೆಯಿಂದ ಓವರ್‌ಟೇಕ್ ಮಾಡಿದರೆ ದಂಡ ಎಂಬುದು ಯಾರಿಗೂ ಗೊತ್ತಿಲ್ಲ. ಅಲ್ಲಿ ಪೆಟ್ರೋಲ್ ತೀರಿ ನಿಂತರೂ ತಪ್ಪು ನಿನ್ನದೇ, ಮೊದಲೇ ನೋಡಿಕೊಳ್ಳಬೇಕಿತ್ತು ಅನ್ನುತ್ತಾರೆ. "ರಿಸರ್ವಿಗೆ ಬಿದ್ದ ಮ್ಯಾಲೂ ನಲವತ್ತ ಕಿಲೋಮೀಟರ್ ಹೋಗ್ತದ್ರೀ" ಎಂಬ ನಮ್ಮ ಪುರಾತನ ಶಾಸ್ತ್ರಕ್ಕೆ ಅಲ್ಲಿ ಮಾನ್ಯತೆ ಇಲ್ಲ.

ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಹೋದರೆ ಹೆದ್ದಾರಿಗೆ 40 ಫ್ರಾಂಕಿನ ವಿನ್ಯೆಟ್, ಅಂದರೆ ಟೋಲ್ ಚೀಟಿ, ಬೇಕು. ಅಲ್ಲಿಯದೇ ಬಾಡಿಗೆ ಕಾರಾದರೆ ಅದು ಇದ್ದೇ ಇರುತ್ತದೆ, ಜರ್ಮನಿಯಲ್ಲಿ ಹಿಡಿದ ಕಾರಿಗೆ ಇರುವುದಿಲ್ಲ. ಇಲ್ಲದೆ ಸಿಕ್ಕರೆ 200 ಫ್ರಾಂಕ್, ಮೇಲೆ ವಿನ್ಯೆಟಿನ ದುಡ್ಡೂ ಕೊಡಬೇಕು. ಊರೊಳಗಿನ 50ರ ರಸ್ತೆಯಲ್ಲಿ, ವೇಗ ಅಳೆಯುವ ಯಂತ್ರದ ದೋಷಕ್ಕೆಂದು ಒಂದಿಷ್ಟು ಕಳೆದ ಮೇಲೂ 51 ಉಳಿದರೆ 40 ಫ್ರಾಂಕ್. ಒಂದೇ ಒಂದು ಕಿಲೋಮೀಟರಿಗೆ! ನಮ್ಮ ಕಡೆ ಅಷ್ಟು ವ್ಯತ್ಯಾಸವನ್ನು ಗುಂಡಿಗಳೇ ನೋಡಿಕೊಳ್ಳುತ್ತವೆ.

ಆದರೆ ನಮ್ಮವನ ನಿಜವಾದ ಕಾಶಿಯಾತ್ರೆ ಇಟಲಿಯ ಫ್ಲಾರೆನ್ಸಿನಲ್ಲಿ. ಹಳೇ ಪೇಟೆಯ ಸುತ್ತ ಝಡ್‌ಟಿಎಲ್ (ಸೀಮಿತ ಸಂಚಾರ ವಲಯ) ಎಂಬ ಅದೃಶ್ಯ ಕೋಟೆ ಇದೆ. ನಿಗದಿತ ಹೊತ್ತಿನಲ್ಲಿ ಪರವಾನಗಿ ಇದ್ದ ವಾಹನಗಳಿಗಷ್ಟೇ ಪ್ರವೇಶ. ಕೋಟೆಗೆ ಬಾಗಿಲಿಲ್ಲ, ಬ್ಯಾರಿಕೇಡಿಲ್ಲ, ಸೀಟಿ ಊದುವ ಹವಾಲ್ದಾರನಿಲ್ಲ. ಕೆಂಪು ಉಂಗುರದ ಬಿಳಿ ಫಲಕ, ಒಂದು ಕ್ಯಾಮೆರಾ, ಒಂದು ದೀಪದ ಬೋರ್ಡು. ಬೋರ್ಡಿನ ಮೇಲೆ 'ವಾರ್ಕೊ ಅಟ್ಟೀವೊ' ಎಂದು ಹೊಳೆಯುತ್ತದೆ. ಬಾಗಿಲು ಚಾಲೂ ಇದೆ ಎಂದು ಓದಿಕೊಂಡು ನಮ್ಮವ ಖುಷಿಯಿಂದ ಒಳಗೆ ಹೋಗುತ್ತಾನೆ. ಚಾಲೂ ಇರುವುದು ನಿಷೇಧ. ದಾರಿ ತಪ್ಪಿ ಮೂರು ಸಲ ಕ್ಯಾಮೆರಾ ಕೆಳಗೆ ಹಾದರೆ ಮೂರು ನೋಟಿಸು, ಪ್ರತಿಯೊಂದಕ್ಕೂ 83 ಯೂರೋ ಮತ್ತು ಟಪಾಲು ಖರ್ಚು. ಹೋಟೆಲು ಒಳಗಿದ್ದರೆ ಗಾಡಿ ನಂಬರನ್ನು ಹೋಟೆಲಿನವರಿಗೆ ಕೊಟ್ಟು ನೋಂದಾಯಿಸಬೇಕು. ಅದಕ್ಕಿಂತ ಸುಲಭದ್ದು, ಕಾರನ್ನು ಹೊರಗೇ ನಿಲ್ಲಿಸಿ ಟ್ರಾಮ್ ಹತ್ತುವುದು. ಆದರೆ ಗಣಪತ ಗಲ್ಲಿಯಲ್ಲಿ ಸೀರೆ ಅಂಗಡಿಯ ಮೆಟ್ಟಿಲಿಗೇ ಬಂಪರ್ ತಾಗಿಸಿ ಇಳಿದು ರೂಢಿಯಾದವರಿಗೆ ಅಷ್ಟು ನಡೆಯುವುದು ಅವಮಾನ.

ಅಲ್ಲಿ ಯಾರೂ ಅಡ್ಡ ಹಾಕುವುದಿಲ್ಲ, ಅದೇ ದೊಡ್ಡ ಅನ್ಯಾಯ. ಅಡ್ಡ ಹಾಕಿದರಲ್ಲವೆ, "ಸಾಹೇಬ್ರ, ಇದೊಂದ ಸಲ ಬಿಟ್ಟಬಿಡ್ರಿ" ಅನ್ನುವುದು? "ಫೋನ್ ಹಚ್ಚಿ ಕೊಡ್ತೇನಿ, ನಮ್ಮ ಮಾಮಾ ಜೋಡಿ ಮಾತಾಡ್ರಿ" ಅನ್ನುವುದು? ಕ್ಯಾಮೆರಾಕ್ಕೆ ಮಾಮಾ ಯಾರೆಂದು ಗೊತ್ತಿಲ್ಲ. ಅಮೆರಿಕದಲ್ಲಿ ಪೊಲೀಸರು ನಿಲ್ಲಿಸುತ್ತಾರೆ ನಿಜ, ಆದರೆ ಅಲ್ಲಿ ನಮ್ಮ ಹಾಗೆ ಕಾರಿನಿಂದಿಳಿದು ಕೈಮುಗಿಯುತ್ತ ಓಡಿದರೆ ಅವರ ಕೈ ಸೊಂಟಕ್ಕೆ ಹೋದೀತು. ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ಒಳಗೇ ಕೂರಬೇಕು.

ಫಿನ್‌ಲೆಂಡಿನಲ್ಲಂತೂ ವೇಗ ವಿಪರೀತವಾದರೆ ದಂಡವನ್ನು ಆದಾಯ ನೋಡಿ ಹಾಕುತ್ತಾರೆ. 2023ರಲ್ಲಿ ಅಲ್ಲಿಯ ಆಲಂಡ್ ದ್ವೀಪದಲ್ಲಿ 50ರ ಮಿತಿಗೆ 82ರಲ್ಲಿ ಹೋದ ಸಿರಿವಂತನೊಬ್ಬ 1,21,000 ಯೂರೋ ತೆತ್ತ. ಈ ಪದ್ಧತಿ ಬೆಳಗಾವಿಗೆ ಬಂದರೆ ಏನೂ ಚಿಂತೆಯಿಲ್ಲ. ಫಾರ್ಚೂನರಿನ ಗಾಜು ಇಳಿಯುತ್ತದೆ, ಬಿಪಿಎಲ್ ಕಾರ್ಡು ಹೊರಗೆ ಬರುತ್ತದೆ.

ರಿಯಾಯಿತಿ ಅಲ್ಲಿಯೂ ಉಂಟು. ಇಟಲಿಯಲ್ಲಿ ನೋಟಿಸು ಮುಟ್ಟಿದ ಐದು ದಿನದೊಳಗೆ ಕಟ್ಟಿದರೆ ಶೇಕಡಾ 30 ಕಡಿತ, ಲಂಡನ್ನಿನ ನಡುಪೇಟೆಗೆ ಗಾಡಿ ತಂದವರು ಕಟ್ಟಬೇಕಾದ ದಟ್ಟಣೆ ಶುಲ್ಕ ತಪ್ಪಿಸಿದ ದಂಡಕ್ಕೆ 14 ದಿನದೊಳಗೆ ಅರ್ಧ. ಬೇಗ ಕಟ್ಟಿದವನಿಗೆ ಕಡಿಮೆ ಎಂಬ ಈ ವಿಚಿತ್ರ ನ್ಯಾಯ ನಮ್ಮವನಿಗೆ ತಿಳಿಯುವುದಿಲ್ಲ. ಕರ್ನಾಟಕದಲ್ಲಿ 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಬಂತು, 2025ರ ಆಗಸ್ಟಿನಲ್ಲಿ ಮತ್ತೆ ಬಂತು. ಮೊದಲ ದಿನವೇ ಪೂರ್ತಿ ಕಟ್ಟಿದ ಪುಣ್ಯಾತ್ಮ ಮೋಸಹೋದ, ಕಟ್ಟದೆ ಕುಂತವನು ಶಾಣ್ಯಾ ಅನಿಸಿಕೊಂಡ. ದೀಪಾವಳಿ ಸೇಲಿಗೆ ಕಾಯುವ ಹಾಗೆ ಜನ ದಂಡದ ಸೇಲಿಗೆ ಕಾಯುತ್ತಾರೆ.

ಹೊರದೇಶದ ವಿಳಾಸಕ್ಕೆ ನೋಟಿಸು ಕಳಿಸಲು ಇಟಲಿಗೆ 360 ದಿನ ಅವಕಾಶವಿದೆ. ಅದಕ್ಕೂ ಮೊದಲೇ ಬಾಡಿಗೆ ಕಾರಿನ ಕಂಪನಿ, ಚಾಲಕನ ಹೆಸರು ಪೊಲೀಸರಿಗೆ ಹೇಳಿದ್ದಕ್ಕೆ ಸೇವಾ ಶುಲ್ಕವನ್ನು ಕಾರ್ಡಿನಿಂದ ಮುರಿದುಕೊಂಡಿರುತ್ತದೆ. ಅದನ್ನೇ ದಂಡವೆಂದು ತಿಳಿದು ನಮ್ಮವ ನಿಶ್ಚಿಂತನಾಗಿರುತ್ತಾನೆ. ಪ್ರವಾಸದ ಫೋಟೊಗಳನ್ನು ಎಲ್ಲರೂ ಮರೆತಾದ ಮೇಲೆ, 'ಹನುಮಪ್ಪನ ಗುಡಿ ಹಿಂದೆ, ಹಿಟ್ಟಿನ ಗಿರಣಿ ಎದುರು' ಎಂಬ ವಿಳಾಸ ಹುಡುಕಿಕೊಂಡು ಫ್ಲಾರೆನ್ಸಿನ ಮೂರು ಲಕೋಟೆ ಶಹಾಪುರಕ್ಕೆ ಬರುತ್ತವೆ. ಐದು ದಿನ ಅವು ಟಿವಿಯ ಮೇಲೆ, ಕುಂದಾ ಡಬ್ಬಿಯ ಕೆಳಗೆ ಇರುತ್ತವೆ. ಅರವತ್ತು ದಿನ ದಾಟಿದರೆ ಮೊತ್ತ ಹೆಚ್ಚುಕಡಿಮೆ ದುಪ್ಪಟ್ಟು ಎಂದು ಮಗಳು ಓದಿ ಹೇಳುತ್ತಾಳೆ.

"ತಡಿಯವಾ, ಗಡಬಡಿ ಮಾಡಬ್ಯಾಡ. ಅವರೂ ಲೋಕ ಅದಾಲತ್ ಇಡತಾರ."