ಕಾಲು ಹೆಂಗೈತಿ ಅಂತ ಕೇಳಬೇಡಿ

ಮಗಳ ಮೊಣಕಾಲಿನ ಆಪರೇಷನ್ ಆಗಿ ಐದು ತಿಂಗಳಾಯಿತು. ಬೆಟಗೇರಿಯ ನಮ್ಮ ಮನೆಗೆ ಬಂದವರೆಲ್ಲ ಕೇಳುವುದು ಎರಡೇ ಪ್ರಶ್ನೆ. "ಕಾಲು ಹೆಂಗೈತಿ?" "ಮತ್ತ ಯಾವಾಗ ಆಡ್ತೀಯವಾ?" ಒಬ್ಬ ಅತ್ತೆ ಮಾತ್ರ "ಹೆಣ್ಮಗಳಿಗೆ ಯಾಕ ಬೇಕಿತ್ತು ಈ ಕಬಡ್ಡಿ?" ಅಂದರು. ಅವರಿಗೆ ಚಹಾ ಕುಡಿಸಿ ಕಳಿಸಿದೆವು.

ಅವಳಿಗೆ ಹದಿನಾರು. ರೈಡರ್. ಅವತ್ತು ರೈಡ್ ಮುಗಿಸಿ ತಿರುಗುವಾಗ ಪಾದ ಮ್ಯಾಟಿಗೆ ಹತ್ತಿಕೊಂಡು ನಿಂತಿತು, ಮೊಣಕಾಲು ತಿರುಗಿತು. ಮೊಣಕಾಲನ್ನು ಒಳಗಿಂದ ಹಿಡಿದಿಡುವ ಎಸಿಎಲ್ ಅನ್ನೋ ಲಿಗಮೆಂಟ್ ಹರಿದಿತ್ತು. "ಯಾರೂ ಮುಟ್ಟಲೇ ಇಲ್ಲಪ್ಪಾ" ಅಂತ ಆಸ್ಪತ್ರೆಯಲ್ಲಿ ಹತ್ತು ಸಲ ಹೇಳಿದಳು. ಯಾರಾದರೂ ಕೆಡವಿದ್ದರೆ ಅವರನ್ನಾದರೂ ಬೈಯಬಹುದಿತ್ತು. ಇವಳು ತನ್ನನ್ನೇ ಬೈದುಕೊಂಡಳು. ಈ ಲಿಗಮೆಂಟ್ ಹೆಚ್ಚಾಗಿ ಹರಿಯುವುದೇ ಹೀಗೆ, ಯಾರೂ ಮುಟ್ಟದೆ, ತಟ್ಟನೆ ನಿಂತಾಗ, ತಿರುಗಿದಾಗ ಅಂತ ಫಿಸಿಯೋ ಹೇಳಿದ ದಿನ ಎರಡು ರೊಟ್ಟಿ ಜಾಸ್ತಿ ತಿಂದಳು.

ನಾನೇನು ಕಮ್ಮಿ ಇಲ್ಲ. ನೋಡಿದರೆ ಸಂಕಟ ಆಗುತ್ತದೆ ಅಂತ ಅವಳ ಕಿಟ್ ಬ್ಯಾಗನ್ನು ಅಟ್ಟಕ್ಕೆ ಹಾಕಿದೆ. ಟೀಮಿನ ಹುಡುಗಿಯರಿಗೆ "ಈಗ ಬರಬ್ಯಾಡ್ರವಾ" ಅಂದೆ. ಮೇಲೆ ದಿನಾ ಕುಸ್ತಿಪಟು ವಿನೇಶ್ ಫೋಗಟ್ ಕತೆ. 2016ರ ರಿಯೋದಲ್ಲಿ ಮೊಣಕಾಲು ಹೋಗಿ ಸ್ಟ್ರೆಚರ್ ಮೇಲೆ ಹೊರಬಂದಾಕೆ 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಳು ನೋಡು ಅಂತ. ಒಂದು ರಾತ್ರಿ ಕೇಳಿದಳು: "ನಾ ಏನೂ ಗೆಲ್ಲಲಿಲ್ಲ ಅಂದ್ರ, ಅಪ್ಪಾ?" ಅವತ್ತಿಗೆ ಆ ಕತೆ ನಿಲ್ಲಿಸಿದೆ.

ವಾರಕ್ಕೊಮ್ಮೆ ಫಿಸಿಯೋಗೆ ಅಂತ ಹುಬ್ಬಳ್ಳಿಗೆ ಹೋಗುತ್ತೇವೆ. ಮೊದಲೆಲ್ಲ ರೈಲಿನಲ್ಲಿ ನಾನೇ ಮಾತಾಡುತ್ತಿದ್ದೆ, ಬರೀ ಧೈರ್ಯದ ಮಾತು. ಆಮೇಲೆ ಸುಮ್ನೆ ಕೂತೆ. ಎರಡು ವಾರ ಅವಳೂ ಸುಮ್ಮನಿದ್ದಳು. ಮೂರನೇ ವಾರ ಅಣ್ಣಿಗೇರಿ ದಾಟಿದ ಮೇಲೆ, ಕಿಟಕಿ ಕಡೆ ಮುಖ ಮಾಡಿಕೊಂಡೇ ಅಂದಳು: "ನನ್ನ ಜಾಗಕ್ಕ ಬಂದಾಕಿ ಔಟಾದ್ರ ಖುಷಿ ಆಗ್ತೈತಿ. ನಾ ಕೆಟ್ಟಾಕಿ ಏನು?"

"ನನ್ನ ಜೋಡಿ ಕೆಲಸಕ್ಕ ಸೇರಿದಾಂವಗ ಪ್ರಮೋಷನ್ ಸಿಕ್ಕಾಗ ನಂಗೂ ಹೊಟ್ಟಿ ಉರಿದಿತ್ತವಾ" ಅಂದೆ. ಇಬ್ಬರೂ ನಕ್ಕೆವು. ವಾಪಸ್ ಬರುವಾಗ ಗಿರ್ಮಿಟ್ ತಿಂದು ನನ್ನ ಪಾಲಿನ ಮಿರ್ಚಿಗೂ ಕೈ ಹಾಕಿದಳು.

ಹೆಂಡತಿ ಬ್ಲೌಸ್ ಹೊಲಿಯುತ್ತಾಳೆ. ಅದೇ ಟೇಪಿನಿಂದ ಭಾನುವಾರಕ್ಕೊಮ್ಮೆ ಮಗಳ ಎರಡೂ ತೊಡೆ ಅಳೆಯುತ್ತಾಳೆ. ಆಪರೇಷನ್ ಆದ ಕಾಲು ಮೂರು ಸೆಂಟಿಮೀಟರ್ ಸಣ್ಣಗಾಗಿತ್ತು. ಈಗ ಒಂದೂವರೆಗೆ ಬಂದಿದೆ. ನೋವಿಲ್ಲ, ಓಡಲಾ ಅಂತಾಳೆ. ಕಷ್ಟ ಶುರುವಾಗುವುದೇ ಇಲ್ಲಿ. ನೋವು ಹೋದ ಮಾತ್ರಕ್ಕೆ ಆಪರೇಷನ್‌ನಲ್ಲಿ ಹಾಕಿದ ಹೊಸ ಲಿಗಮೆಂಟ್ ಗಟ್ಟಿಯಾಯಿತು ಅಂತಲ್ಲ. ಮ್ಯಾಚಿಗೆ ಕಡಿಮೆ ಅಂದರೂ 9 ತಿಂಗಳು ಅಂದಿದ್ದಾರೆ ಡಾಕ್ಟರು. "ಮುಂದಿನ ಟೂರ್ನಮೆಂಟಿಗೆ ರೆಡಿ ಅಲ್ವಾ?" ಅಂತ ಕೇಳುವವರೇ, ದಯವಿಟ್ಟು ಬೇರೆ ಏನಾದರೂ ಕೇಳಿ. ಕ್ಲಾಸಿನ ಸುದ್ದಿ ಕೇಳಿ, ಸಿನಿಮಾ ಕೇಳಿ.

ಕೋಚ್‌ಗಳಿಗೂ ಒಂದು ಮಾತು. "ರೆಸ್ಟ್ ಮಾಡು" ಅಂತ ಹೇಳಿ ಹುಡುಗಿಯನ್ನು ಮರೆತುಬಿಟ್ಟರೆ ಅವಳು ಟೀಮಿನಿಂದಲೇ ಹೋದಂಗೆ. ನಾನೇ ಹೋಗಿ ಕೇಳಿಕೊಂಡ ಮೇಲೆ ಈಗ ಸಂಜೆ ಸ್ಕೋರ್ ಬರೆಯಲು ಕೂರಿಸುತ್ತಾರೆ. ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬರುತ್ತಾಳೆ.

ಮೊನ್ನೆ ಅಟ್ಟದಿಂದ ಬ್ಯಾಗ್ ಇಳಿಸಿ ಅಂದಳು. ಇಳಿಸಿದೆ. ಒಳಗೆ ಅವತ್ತಿನ ಜರ್ಸಿ ಒಗೆಯದೆ ಹಂಗೇ ಇತ್ತು, ಐದು ತಿಂಗಳ ವಾಸನೆ. "ಅಪ್ಪಾ, ಇಡೋ ಮುಂಚೆ ಒಮ್ಮೆ ನೋಡಬಾರದಾ?" ಅಂತ ಬೈದು, ಮೂಗು ಮುಚ್ಚಿಕೊಂಡು ತಾನೇ ಬಕೆಟ್‌ನಲ್ಲಿ ನೆನೆಹಾಕಿದಳು.