ಮೆಸೇಜ್ ಎಲ್ಲಿ ಹೋಯ್ತು ಮೇಡಂ?

ಯುರೋಪಿಯನ್ ಒಕ್ಕೂಟದಷ್ಟು ಮಾತಾಡುವ ಆಡಳಿತ ಭೂಮಿ ಮೇಲೆ ಇನ್ನೊಂದು ಇರಲಾರದು. 27 ದೇಶ, 24 ಅಧಿಕೃತ ಭಾಷೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಅಂತ ಲೆಕ್ಕ ಹಾಕಿದರೆ 552 ದಾರಿ. ಮಾಲ್ಟಾದಲ್ಲಿರುವುದು ಐದು ಲಕ್ಷ ಚಿಲ್ಲರೆ ಜನ, ಆದರೂ ಕಾನೂನು ಮಾಲ್ಟೀಸ್ ಭಾಷೆಯಲ್ಲೂ ಅಚ್ಚಾಗಬೇಕು. ಇದನ್ನು ನಾನು ಗೇಲಿ ಮಾಡುವುದಿಲ್ಲ. ನಾಲ್ಕು ಕೋಟಿ ಜನರ ಭಾಷೆಯಲ್ಲಿ ಬ್ಯಾಂಕಿನ ಚಲನ್ ಸಿಕ್ಕರೆ ಹಬ್ಬ ಮಾಡುವ ನಾವು ಸುಮ್ನೆ ಹೊಟ್ಟೆ ಉರಿದುಕೊಳ್ಳಬೇಕು, ಅಷ್ಟೇ.

ಗೇಲಿ ಮಾಡಬೇಕಿರುವುದು ಬೇರೆ. ಎಲ್ಲವನ್ನೂ ಎಲ್ಲ ಭಾಷೆಯಲ್ಲೂ ಹೇಳುವ ಇವರು, ಕೇಳಿದ್ದನ್ನು ಮಾತ್ರ ಯಾವ ಭಾಷೆಯಲ್ಲೂ ಹೇಳುವುದಿಲ್ಲ.

ಲಸಿಕೆ ಮೆಸೇಜಿನ ಕತೆ ನಿಮಗೆ ಗೊತ್ತಿರಬಹುದು. 2021ರ ಏಪ್ರಿಲ್, ಕೊರೊನಾ ಜೋರಾಗಿದ್ದ ಹೊತ್ತು. ಒಕ್ಕೂಟದ ಆಡಳಿತ ನಡೆಸುವ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೇಯೆನ್ ಅವರು ಫೈಜರ್ ಕಂಪನಿಯ ಮುಖ್ಯಸ್ಥ ಆಲ್ಬರ್ಟ್ ಬೂರ್ಲಾ ಜೊತೆ ತಿಂಗಳುಗಟ್ಟಲೆ ಫೋನಿನಲ್ಲಿ ಮಾತಾಡಿ, ಮೆಸೇಜ್ ಕಳಿಸಿ, ದೊಡ್ಡ ವ್ಯವಹಾರ ಕುದುರಿಸುತ್ತಿದ್ದಾರೆ ಅಂತ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ವ್ಯವಹಾರ ಅಂದರೆ ಸಣ್ಣದಲ್ಲ, 180 ಕೋಟಿ ಡೋಸ್‌ವರೆಗಿನದು. ಆ ವರದಿಯಲ್ಲಿ ಅಂಥ ಬೈಗುಳವೇನೂ ಇರಲಿಲ್ಲ. ನೋಡಿ, ನಮ್ಮ ಮೇಡಂ ಖುದ್ದಾಗಿ ನಿಂತು ಕೆಲಸ ಮಾಡಿಸಿದರು ಅನ್ನುವ ಧಾಟಿಯೇ ಜಾಸ್ತಿ.

ಇದನ್ನು ಓದಿದ ಒಬ್ಬ ಪತ್ರಕರ್ತ, ಹಾಗಾದರೆ ಆ ಮೆಸೇಜ್ ತೋರಿಸಿ ಅಂತ ಅರ್ಜಿ ಹಾಕಿದ. ಕೇಳುವ ಹಕ್ಕಿದೆ. ಒಕ್ಕೂಟದಲ್ಲಿ 2001ರಿಂದಲೇ ಅದಕ್ಕೊಂದು ಕಾನೂನಿದೆ, ನಮ್ಮ ಆರ್‌ಟಿಐಗಿಂತ ನಾಲ್ಕು ವರ್ಷ ಹಿರಿಯದು. ಕಾಗದದ ಮೇಲಿರಲಿ, ಕಂಪ್ಯೂಟರಿನಲ್ಲಿರಲಿ, ಧ್ವನಿಯಾಗಿರಲಿ, ಚಿತ್ರವಾಗಿರಲಿ, ಕೆಲಸಕ್ಕೆ ಸಂಬಂಧಿಸಿದ್ದಾದರೆ ಅದು ದಾಖಲೆಯೇ. 15 ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ಓದಿದರೆ ಕಣ್ಣು ತುಂಬಿ ಬರಬೇಕು, ಅಷ್ಟು ಚೆನ್ನಾಗಿ ಬರೆದಿದ್ದಾರೆ.

ಉತ್ತರವೂ ಬಂತು. ಮೆಸೇಜ್ ಅನ್ನುವುದು ಅಲ್ಪಾಯುಷಿ. ಅದರಲ್ಲಿ ಸಾಮಾನ್ಯವಾಗಿ ಮಹತ್ವದ್ದೇನೂ ಇರುವುದಿಲ್ಲ. ಮಹತ್ವದ್ದಲ್ಲದ್ದನ್ನು ನಾವು ನೋಂದಣಿ ಮಾಡುವುದಿಲ್ಲ. ನೋಂದಣಿಯಲ್ಲಿ ಇಲ್ಲದ್ದು ನಮ್ಮ ಹತ್ತಿರ ಇಲ್ಲ. ಧನ್ಯವಾದ. ನಮ್ಮಲ್ಲಿ ಆರ್‌ಟಿಐ ಅರ್ಜಿ ಹಾಕಿ 'ಮಾಹಿತಿ ಲಭ್ಯವಿಲ್ಲ' ಅನ್ನುವ ಹಿಂಬರಹ ಪಡೆದವರಿಗೆ ಈ ಕಾಗದದ ವಾಸನೆ ಚೆನ್ನಾಗಿ ಗೊತ್ತು, ಏನಿದ್ದರೂ ಇವರದ್ದು ಸ್ವಲ್ಪ ಸೆಂಟು ಹಾಕಿದ್ದು.

ಆತ ಒಕ್ಕೂಟದ ಒಂಬುಡ್ಸ್‌ಮನ್, ಅಂದರೆ ಆಡಳಿತದ ಮೇಲಿನ ದೂರು ವಿಚಾರಿಸುವ ಅಧಿಕಾರಿ, ಎಮಿಲಿ ಒರೈಲಿ ಹತ್ತಿರ ದೂರು ಕೊಟ್ಟ. ಅವರ ಕಚೇರಿಯವರು ಕಡತ ತೆರೆದು ನೋಡಿದರು. 2022ರ ಜನವರಿಯಲ್ಲಿ ಅವರು ಹೊರಹಾಕಿದ ಸಂಗತಿ ಈ ಇಡೀ ಪ್ರಕರಣದ ಮುಕುಟಮಣಿ. ಅಧ್ಯಕ್ಷೆಯ ಕಚೇರಿಗೆ ಯಾರೂ ಮೆಸೇಜ್ ಹುಡುಕಿ ಅಂತ ಹೇಳಿಯೇ ಇರಲಿಲ್ಲ! ನೋಂದಣಿಯ ನಿಯಮಕ್ಕೆ ಹೊಂದುವ ದಾಖಲೆ ಇದ್ದರೆ ಕೊಡಿ ಅಂತ ಮಾತ್ರ ಕೇಳಿದ್ದರು. ಮೆಸೇಜನ್ನು ನೋಂದಣಿ ಮಾಡುವ ಪದ್ಧತಿಯೇ ಇಲ್ಲ, ಇನ್ನು ಹೊಂದುವುದೆಲ್ಲಿಂದ? ನಿಮ್ಮ ಮನೆಯಲ್ಲಿ ಬೆಕ್ಕಿದೆಯಾ ಅಂತ ಕೇಳಿದರೆ ರೇಷನ್ ಕಾರ್ಡ್ ತೆಗೆದು ನೋಡಿ, ಇಲ್ಲಪ್ಪಾ, ಬೆಕ್ಕಿನ ಹೆಸರು ಇದರಲ್ಲಿ ಇಲ್ಲ ಅಂದ ಹಾಗೆ. ಅಷ್ಟರಲ್ಲಿ ಬೆಕ್ಕು ಅಡುಗೆಮನೆಯಲ್ಲಿ ಹಾಲು ಕುಡಿದು ಮುಗಿಸಿರುತ್ತದೆ.

ಇದು ದುರಾಡಳಿತ, ಸರಿಯಾಗಿ ಇನ್ನೊಮ್ಮೆ ಹುಡುಕಿ ಅಂದರು ಒರೈಲಿ. ಹುಡುಕಿದೆವು, ಏನೂ ಸಿಗಲಿಲ್ಲ ಅಂತ ಆ ಬೇಸಿಗೆಯಲ್ಲಿ ಆಯೋಗದ ಉಪಾಧ್ಯಕ್ಷೆ ವೇರಾ ಯೂರೊವಾ ಅವರಿಂದ ಕಾಗದ ಬಂತು. ಅವರ ಖಾತೆ ಯಾವುದು ಗೊತ್ತಾ? ಮೌಲ್ಯಗಳು ಮತ್ತು ಪಾರದರ್ಶಕತೆ. ನಾನು ಕಟ್ಟಿದ ಕತೆಯಲ್ಲ, ಖಾತೆಯ ಹೆಸರೇ ಅದು. ವಿಡಂಬನೆ ಬರೆಯುವವರ ಹೊಟ್ಟೆ ಮೇಲೆ ಹೊಡೆಯುವುದು ಅಂದರೆ ಇದೇ, ನಮಗೆ ಅಂತ ಏನೂ ಉಳಿಸುವುದಿಲ್ಲ ಇವರು.

ಅಂದ ಹಾಗೆ, ಮೇಡಂ ಜರ್ಮನಿಯಲ್ಲಿ ರಕ್ಷಣಾ ಸಚಿವೆಯಾಗಿದ್ದಾಗಲೂ ಒಂದು ಫೋನಿನ ತಕರಾರು ಆಗಿತ್ತು. ಹೊರಗಿನ ಸಲಹೆಗಾರರಿಗೆ ಕೊಟ್ಟ ಗುತ್ತಿಗೆಗಳ ಬಗ್ಗೆ ಅಲ್ಲಿನ ಸಂಸತ್ತಿನ ಸಮಿತಿ ತನಿಖೆ ನಡೆಸಿತು, ಫೋನ್ ಕೊಡಿ ಅಂದಿತು. ನೋಡಿದರೆ ಡೇಟಾ ಅಳಿಸಿಹೋಗಿತ್ತು. ಕೆಲವರಿಗೆ ಫೋನ್ ಆಗಿಬರುವುದಿಲ್ಲ, ಬಿಡಿ.

ಅಷ್ಟರಲ್ಲಿ ಆ ಮೆಸೇಜ್‌ಗಳಿಗಾಗಿ ನ್ಯೂಯಾರ್ಕ್ ಟೈಮ್ಸ್ ಕೋರ್ಟಿಗೆ ಹೋಗಿತ್ತು. ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯ 2025ರ ಮೇ 14ರಂದು ತೀರ್ಪು ಕೊಟ್ಟಿತು. ಬರೀ ಇಲ್ಲ ಅಂದರೆ ಸಾಲದು, ಯಾಕಿಲ್ಲ, ಎಲ್ಲಿ ಹೋಯಿತು, ಎಲ್ಲೆಲ್ಲಿ ಹುಡುಕಿದಿರಿ ಅಂತ ನಂಬುವ ಹಾಗೆ ಹೇಳಬೇಕು ಅಂದಿತು. ಆಯೋಗ ಕೂತು ಯೋಚಿಸಿ ಹೊಸ ಉತ್ತರ ಬರೆಯಿತು. ಅದರ ಪ್ರಕಾರ, ಅಧ್ಯಕ್ಷೆಯ ಕಚೇರಿಯ ಮುಖ್ಯಸ್ಥರು 2021ರ ಬೇಸಿಗೆಯಲ್ಲೇ ಆ ಮೆಸೇಜ್‌ಗಳನ್ನು ಓದಿದ್ದರಂತೆ! ಯಾವಾಗ ಫೋನ್ ಮಾಡೋಣ ಅನ್ನುವ ಮಾತು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ, ಹಾಗಾಗಿ ಇಟ್ಟುಕೊಳ್ಳಲಿಲ್ಲ, ಆಮೇಲೆ ಫೋನೂ ಬದಲಾಯಿತು ಅಂತ. ಅರ್ಜಿ ಬಂದು ಕೂತಿದ್ದ ಕಾಲಕ್ಕೆ ಬೆಕ್ಕು ಮನೆಯಲ್ಲೇ ಇತ್ತು ಅಂತಾಯಿತು. ಅದರ ತಲೆ ಸವರಿದವರೂ ಇದ್ದರು. ಇದನ್ನು ಹೇಳಲು ನಾಲ್ಕು ವರ್ಷ ಮತ್ತು ಒಂದು ಕೋರ್ಟು ಬೇಕಾಯಿತು.

ಅದೇ ವರ್ಷದ ಜುಲೈನಲ್ಲಿ ಮೇಡಂ ಆಯೋಗದ ಮೇಲೆ ಸಂಸತ್ತಿನಲ್ಲಿ ಅವಿಶ್ವಾಸ ನಿರ್ಣಯವೂ ಬಂತು. ಪರವಾಗಿ 175, ವಿರುದ್ಧ 360 ಮತ ಬಿದ್ದು ಮೇಡಂ ಉಳಿದರು. ಮತದಾನ ನಡೆದದ್ದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ. ಯಾಕೆಂದರೆ ಇವರ ಸಂಸತ್ತು ತಿಂಗಳಿಗೊಮ್ಮೆ ಪೆಟ್ಟಿಗೆ ಕಟ್ಟಿಕೊಂಡು ಬ್ರಸೆಲ್ಸ್‌ನಿಂದ ಅಲ್ಲಿಗೆ ಗುಳೆ ಹೋಗುತ್ತದೆ, ನಾಲ್ಕು ದಿನ ಕೂತು ವಾಪಸ್ ಬರುತ್ತದೆ. ಇದನ್ನು ನಿಲ್ಲಿಸಿದರೆ ವರ್ಷಕ್ಕೆ 11.4 ಕೋಟಿ ಯೂರೋ ಉಳಿಯುತ್ತದೆ ಅಂತ ಒಕ್ಕೂಟದ ಲೆಕ್ಕಪರಿಶೋಧಕರೇ 2014ರಲ್ಲಿ ಹೇಳಿದ್ದರು. ನಿಲ್ಲಿಸಬೇಕಾದರೆ ಮೂಲ ಒಪ್ಪಂದ ತಿದ್ದಬೇಕು, ತಿದ್ದಲು ಫ್ರಾನ್ಸ್ ಒಪ್ಪಬೇಕು. ಫ್ರಾನ್ಸ್ ಯಾಕೆ ಒಪ್ಪುತ್ತದೆ?

ಕೇಳಿದ್ದಕ್ಕೆ ಬಾಯಿ ಬಿಡದವರು ಕೇಳದೇ ಇದ್ದಾಗ ಹೇಗೆ ಮಾತಾಡುತ್ತಾರೆ ಅಂತಲೂ ನೋಡಬೇಕು. 2022ರ ನವೆಂಬರಿನಲ್ಲಿ, ಯುರೋಪು ಬೇರೆ ದೇಶಗಳಲ್ಲಿ ಮಾಡುವ ಹೂಡಿಕೆಯ ಬಗ್ಗೆ ಯುವಜನರಿಗೆ ತಿಳಿಸಬೇಕು ಅಂತ ಆಯೋಗಕ್ಕೆ ಅನ್ನಿಸಿತು. ಮೆಟಾವರ್ಸ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ಕೃತಕ ಲೋಕದಲ್ಲಿ, ಒಂದು ದ್ವೀಪ ಕಟ್ಟಿಸಿದರು. ಸಮುದ್ರತೀರ, ಸಂಗೀತ, ಡ್ರೋನ್, ಕುಣಿಯುವ ಬೊಂಬೆಗಳು. ಖರ್ಚು 3.87 ಲಕ್ಷ ಯೂರೋ. ಅಲ್ಲಿ 24 ಗಂಟೆಯ ಪಾರ್ಟಿ ಇಟ್ಟರು. ಒಬ್ಬ ವರದಿಗಾರ ಒಳಗೆ ಹೋಗಿ ನೋಡಿದ. ಅವನನ್ನು ಬಿಟ್ಟರೆ ಅಲ್ಲಿದ್ದದ್ದು ಐದು ಜನ. ಅವರೂ ಇದೇನಪ್ಪಾ ಅಂತ ಒಬ್ಬರನ್ನೊಬ್ಬರು ಕೇಳಿಕೊಂಡು ಜಾಗ ಖಾಲಿ ಮಾಡಿದರು. ಕೊನೆಗೆ ಉಳಿದವನು ಅವನೊಬ್ಬನೇ, ಜೊತೆಗೆ ನಿಲ್ಲದ ಸಂಗೀತ.

ಅದಕ್ಕೂ ಹತ್ತು ವರ್ಷ ಮೊದಲಿನ ಇನ್ನೊಂದು ಸಾಹಸವಿದೆ, ಅದರಲ್ಲಿ ನಾವೂ ಇದ್ದೇವೆ. ಕ್ರೊಯೇಷಿಯಾ ಒಕ್ಕೂಟ ಸೇರುವ ಹೊಸ್ತಿಲಲ್ಲಿದ್ದ ಕಾಲ, 2012. ಒಕ್ಕೂಟ ದೊಡ್ಡದಾಗುವುದು ಒಳ್ಳೆಯದು ಅಂತ ಹೇಳಲು ಆಯೋಗ ಒಂದು ವಿಡಿಯೋ ಮಾಡಿಸಿತು. ಹಳದಿ ಬಟ್ಟೆ ತೊಟ್ಟ ಬಿಳಿ ಹೆಂಗಸೊಬ್ಬಳು ಖಾಲಿ ಗೋದಾಮಿನಲ್ಲಿ ನಡೆದು ಬರುತ್ತಾಳೆ. ಒಬ್ಬ ಕುಂಗ್‌ಫು ಮಾಡುತ್ತಾ ಎಗರುತ್ತಾನೆ. ಇನ್ನೊಬ್ಬ ಕತ್ತಿ ಹಿಡಿದು ಬರುತ್ತಾನೆ, ಅವನು ನಮ್ಮ ಪಕ್ಕದ ರಾಜ್ಯದ ಕಳರಿಪಯಟ್ಟಿನವನು. ಮೂರನೆಯವನು ಬ್ರೆಜಿಲ್‌ನ ಕಪೊಯೆರಾ ಪಟು. ಮೂವರೂ ಸುತ್ತುವರಿಯುತ್ತಾರೆ. ಆಕೆ ಕಣ್ಣು ಮುಚ್ಚಿ ಹನ್ನೆರಡು ಜನ ಆಗುತ್ತಾಳೆ, ಮೂವರ ಸುತ್ತ ವೃತ್ತ ಕಟ್ಟುತ್ತಾಳೆ. ಅವರು ಆಯುಧ ಕೆಳಗಿಟ್ಟು ಕೂರುತ್ತಾರೆ. ಆಮೇಲೆ ಅವರು ಕಾಣುವುದೇ ಇಲ್ಲ, ಒಕ್ಕೂಟದ ಬಾವುಟದ ಹನ್ನೆರಡು ಹಳದಿ ನಕ್ಷತ್ರ ಮಾತ್ರ ಉಳಿಯುತ್ತವೆ. ಶುಭಂ.

ಕ್ರೊಯೇಷಿಯಾವನ್ನು ಸೇರಿಸಿಕೊಳ್ಳಲು ಕೇರಳದವನನ್ನು ಯಾಕೆ ಮಾಯ ಮಾಡಬೇಕಿತ್ತು ಅನ್ನುವುದು ನನಗೆ ಇವತ್ತಿಗೂ ಹೊಳೆದಿಲ್ಲ. ಇದು ಜನಾಂಗೀಯ ನಿಂದನೆ ಅಂತ ಗಲಾಟೆಯಾದ ಮೇಲೆ ವಿಡಿಯೋ ವಾಪಸ್ ತೆಗೆದುಕೊಂಡರು, ಬೇಸರವಾಗಿದ್ದರೆ ಕ್ಷಮಿಸಿ ಅಂದರು. ಜೊತೆಗೆ ವಿವರಣೆಯೂ ಇತ್ತು, ಕೊನೆಯಲ್ಲಿ ಎಲ್ಲ ಪಾತ್ರಗಳೂ ಪರಸ್ಪರ ಗೌರವ ತೋರಿಸುತ್ತವೆ ಅಂತ. ಗೌರವ ತೋರಿಸಿದ ಮೇಲೆ ಮೂವರು ಎಲ್ಲಿಗೆ ಹೋದರು ಅನ್ನುವುದಕ್ಕೆ ದಾಖಲೆ ಇದ್ದ ಹಾಗೆ ಕಾಣುವುದಿಲ್ಲ.

ಜನರ ಮಾತು ಕೇಳುವುದರಲ್ಲೂ ಇವರದು ಇದೇ ಉತ್ಸಾಹ. ಬೇಸಿಗೆಗೆ ಒಂದು ಗಂಟೆ ಮುಂದೆ, ಚಳಿಗಾಲಕ್ಕೆ ಒಂದು ಗಂಟೆ ಹಿಂದೆ ಅಂತ ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುವುದು ಬೇಕಾ ಬೇಡವಾ ಅಂತ 2018ರಲ್ಲಿ ಕೇಳಿದರು. 46 ಲಕ್ಷ ಉತ್ತರ ಬಂತು. ಅದರಲ್ಲಿ 30 ಲಕ್ಷಕ್ಕೂ ಜಾಸ್ತಿ ಜರ್ಮನ್ನರದು. ಉಳಿದ ಯುರೋಪು ಆವತ್ತು ಬಹುಶಃ ಮಧ್ಯಾಹ್ನದ ನಿದ್ದೆಯಲ್ಲಿತ್ತು. 84 ಪರ್ಸೆಂಟ್ ಜನ ಬೇಡ ಅಂದರು. 2021ಕ್ಕೆ ಇದನ್ನು ನಿಲ್ಲಿಸೋಣ ಅಂತ 2019ರಲ್ಲಿ ಸಂಸತ್ತು ಮತ ಹಾಕಿತು. ಗಡಿಯಾರವನ್ನು ಇನ್ನೂ ತಿರುಗಿಸುತ್ತಲೇ ಇದ್ದಾರೆ.

ಕಾನೂನು ಹುಟ್ಟುವ ಜಾಗವನ್ನೂ ಹೇಳಿಬಿಡುತ್ತೇನೆ. ಆಯೋಗ, ಸಂಸತ್ತು, ದೇಶಗಳ ಮಂತ್ರಿಗಳ ಮಂಡಳಿ, ಮೂರೂ ಕಡೆಯವರು ಬಾಗಿಲು ಹಾಕಿಕೊಂಡು ಕೂರುತ್ತಾರೆ. ಮುಂದೆ ನಾಲ್ಕು ಕಾಲಂ ಇರುವ ಒಂದು ಕಡತ. ಮೊದಲ ಮೂರರಲ್ಲಿ ಮೂವರು ಮೊದಲೇ ಬಹಿರಂಗವಾಗಿ ಹೇಳಿದ್ದು ಇರುತ್ತದೆ. ನಾಲ್ಕನೆಯದರಲ್ಲಿ ರಾಜಿ, ಅಂದರೆ ನಿಜವಾದ ಕಾನೂನು. ಎಲ್ಲರಿಗೂ ಗೊತ್ತಿರುವ ಮೂರು ಕಾಲಂ ಧಾರಾಳವಾಗಿ ಕೊಡುತ್ತಿದ್ದರು, ನಾಲ್ಕನೆಯದನ್ನು ಕೊಡುತ್ತಿರಲಿಲ್ಲ. ಕೊನೆಗೆ ಅದೇ ಸಂಸತ್ತಿನಲ್ಲಿ ಅಧಿಕಾರಿಯಾಗಿದ್ದ ಎಮಿಲಿಯೊ ಡಿ ಕ್ಯಾಪಿಟಾನಿ ಕೇಸ್ ಹಾಕಿ 2018ರಲ್ಲಿ ಗೆದ್ದರು. ಅಷ್ಟರಲ್ಲಿ ಅವರು ಕೇಳಿದ್ದ ಕಡತದಲ್ಲಿದ್ದ, ಒಕ್ಕೂಟದ ಪೊಲೀಸ್ ಸಂಸ್ಥೆಯ ಕಾನೂನು ಪಾಸಾಗಿ ಎರಡು ವರ್ಷ ಆಗಿತ್ತು. ಊಟ ಮುಗಿದ ಮೇಲೆ ಮೆನು ಕೊಟ್ಟರು.

ಒಂದೇ ಒಂದು ಸಲ ಒಕ್ಕೂಟ ಎಲ್ಲವನ್ನೂ ತೆರೆದಿಟ್ಟಿದೆ, ಅದನ್ನೂ ಹೇಳದಿದ್ದರೆ ಅನ್ಯಾಯ. 2021ರ ಜನವರಿ ಕೊನೆಯಲ್ಲಿ ಆಸ್ಟ್ರಾಜೆನೆಕಾ ಲಸಿಕೆ ಒಪ್ಪಂದವನ್ನು ಪಿಡಿಎಫ್ ಆಗಿ ಪ್ರಕಟಿಸಿದರು. ಗುಟ್ಟಿನ ಸಾಲುಗಳ ಮೇಲೆಲ್ಲ ಕಪ್ಪು ಪಟ್ಟಿ. ಆದರೆ ಪಕ್ಕದ ಬುಕ್‌ಮಾರ್ಕ್ ಪಟ್ಟಿಯನ್ನು ತೆರೆದರೆ, ಕಪ್ಪು ಬಳಿದದ್ದರಲ್ಲಿ ಒಂದಷ್ಟು ಬಿಳಿಯಾಗಿಯೇ ಕಾಣುತ್ತಿತ್ತು. ಪತ್ರಕರ್ತರು ಹಬ್ಬ ಮಾಡಿದರು. ಯಾವ ಗುಮಾಸ್ತ ಆ ಫೈಲು ಸೇವ್ ಮಾಡಿದನೋ, ಪಾರದರ್ಶಕತೆ ಖಾತೆಯನ್ನು ಅವನಿಗೇ ಕೊಡಬೇಕಿತ್ತು.

ಇಷ್ಟೆಲ್ಲ ಆದ ಮೇಲೆ ಬುದ್ಧಿ ಬಂದಿರಬೇಕು ಅಲ್ವಾ? ಬಂದಿದೆ, ಆದರೆ ಬೇರೆ ಥರದ್ದು. 2024ರ ಜನವರಿಯಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್, ದಕ್ಷಿಣ ಅಮೆರಿಕದ ಜೊತೆಗಿನ ವ್ಯಾಪಾರ ಒಪ್ಪಂದದ ಬಗ್ಗೆ ಮೇಡಂಗೆ ಸಿಗ್ನಲ್ ಆ್ಯಪ್‌ನಲ್ಲಿ ಒಂದು ಮೆಸೇಜ್ ಕಳಿಸಿದ್ದರು. ಪತ್ರಕರ್ತರೊಬ್ಬರು ಅದನ್ನು ಕೇಳಿದರು. ಇಲ್ಲ. ಈ ಸಲ ಯಾರೂ ಅಳಿಸಿದ್ದಲ್ಲ, ಹೊತ್ತು ಮೀರಿದ ಮೇಲೆ ತಾನಾಗಿ ಅಳಿದುಹೋಗುವ ವ್ಯವಸ್ಥೆ ಮಾಡಿಟ್ಟಿದ್ದಾರೆ. ಯಾಕೆ ಹೀಗೆ ಅಂದರೆ ಆಯೋಗದ ವಕ್ತಾರರ ಹತ್ತಿರ ಎರಡು ಕಾರಣ ಇತ್ತು. ಒಂದು, ಭದ್ರತೆ. ಇನ್ನೊಂದು, ಫೋನಿನಲ್ಲಿ ಜಾಗ ಉಳಿಯುತ್ತದೆ.

ಪಾಪ, 180 ಕೋಟಿ ಡೋಸ್ ಇಡಲು ಜಾಗ ಹೊಂದಿಸಹೊರಟವರಿಗೆ ನಾಲ್ಕು ಸಾಲಿನ ಮೆಸೇಜ್ ಇಡಲು ಜಾಗ ಸಾಲುತ್ತಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಮೆಮೊರಿ ಕಾರ್ಡ್ ಅಗ್ಗಕ್ಕೆ ಸಿಗುತ್ತದೆ, ಚೌಕಾಶಿ ಮಾಡಿದರೆ ಇನ್ನೂ ಅಗ್ಗ. ಎರಡು ಕಳಿಸಿಕೊಡೋಣ ಅಂತಿದ್ದೇನೆ. ಯಾವ ಫೋನಿಗೆ ಹೊಂದುವಂಥದ್ದು ಬೇಕು ಅಂತ ಒಂದು ಅರ್ಜಿ ಹಾಕಿ ಕೇಳಿದರಾಯಿತು, 15 ಕೆಲಸದ ದಿನಗಳಲ್ಲಿ ಉತ್ತರ ಬರಬೇಕು.